ಬಿದ್ದ ಜೊತೆಗಾರನ ಲೆಕ್ಕ

ಮನೆಯಲ್ಲಿ ಹದಿಹರೆಯದ ಮಕ್ಕಳಿರುವ ಓದುಗರಿಗೆ ಈ ವಿಷಯವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಕಾಲೇಜಿನಿಂದ ಬಂದ ಹುಡುಗ ಕಂಪ್ಯೂಟರಿನ ಮುಂದೆ ಕುಳಿತು ಕಿವಿಗೆ ಹೆಡ್‌ಫೋನ್ ಏರಿಸಿದನೆಂದರೆ ಆಮೇಲೆ ಅವನು ಡೊಂಬಿವಲಿಯಲ್ಲೂ ಇಲ್ಲ, ಮುಲುಂಡಿನಲ್ಲೂ ಇಲ್ಲ. ಯಾವುದೋ ದ್ವೀಪದ ಕುರುಚಲು ಕಾಡಿನಲ್ಲಿ ಏಳೆಂಟು ಸೈನಿಕರ ತುಕಡಿಯ ನಾಯಕನಾಗಿ ತಲೆ ತಗ್ಗಿಸಿಕೊಂಡು ನಡೆಯುತ್ತಿರುತ್ತಾನೆ. ಆ ಏಳೆಂಟು ಮಂದಿಯಲ್ಲಿ ಅವನೊಬ್ಬನೇ ಮನುಷ್ಯ. ಉಳಿದವರನ್ನು ನಡೆಸುವುದು ಯಂತ್ರದ ಬುದ್ಧಿ. ಅವರು ಅವನ ಆಜ್ಞೆಯಂತೆ ಓಡುತ್ತಾರೆ, ಅಡಗುತ್ತಾರೆ, ಗುಂಡು ಹಾರಿಸುತ್ತಾರೆ. ಪೆಟ್ಟು ಬಿದ್ದಾಗ ‘ಗಾಯವಾಗಿದೆ’ ಎಂದು ಕೂಗುತ್ತಾರೆ. ಆಗ ಅವನು ಏನು ಮಾಡಬೇಕು? ಎತ್ತಿಕೊಂಡು ಬರಬೇಕೆ, ಬಿಟ್ಟು ಮುಂದೆ ಸಾಗಬಹುದೆ? ಬಿದ್ದವನಿಗೆ ಪ್ರಾಣವೇ ಇಲ್ಲವೆಂದ ಮೇಲೆ ಇದು ಧರ್ಮದ ಪ್ರಶ್ನೆಯಾದೀತೆ?

ಇಂಥ ಕ್ಷುಲ್ಲಕ ವಿಷಯಕ್ಕೆ ಧರ್ಮ-ಅಧರ್ಮಗಳನ್ನೇಕೆ ಎಳೆತರುತ್ತೀರಿ ಎಂದು ಹಿರಿಯರು ಕೇಳಬಹುದು. ಆದರೆ ನಮ್ಮ ಮಕ್ಕಳು ದಿನಕ್ಕೆ ಎರಡು ತಾಸು ಒಂದು ಕೆಲಸ ಮಾಡುತ್ತಾರೆಂದರೆ ಅದನ್ನು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ. ಅವರು ಸಂಧ್ಯಾವಂದನೆಗೆ ಅಷ್ಟು ಹೊತ್ತು ಕೊಡುವುದಿಲ್ಲ, ಗಣಿತಕ್ಕೂ ಕೊಡುವುದಿಲ್ಲ.

ಮೊದಲು ಆಟದ ಸ್ವರೂಪವನ್ನು ತಿಳಿಯೋಣ. ಝೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ ಎಂಬ ಸಂಸ್ಥೆ ೨೦೦೧ರಲ್ಲಿ ‘ಆಪರೇಷನ್ ಫ್ಲಾಷ್‌ಪಾಯಿಂಟ್’ ಎಂಬ ಆಟವನ್ನು ಹೊರತಂದಿತು. ಅದೇ ಸಂಸ್ಥೆಯ ‘ಆರ್ಮಾ’ ಸರಣಿ ಅದರ ಮುಂದುವರಿಕೆ. ಅದರ ಮೂರನೆಯ ಆಟ ಬಂದದ್ದು ೨೦೧೩ರಲ್ಲಿ. ಇವು ನಾಣ್ಯ ಹಾಕಿ ಆಡುವ ಜಾತ್ರೆಯ ಆಟಗಳಂತಲ್ಲ. ಯುದ್ಧವನ್ನು ಆದಷ್ಟು ಇದ್ದಂತೆಯೇ ತೋರಿಸುವ ಹಟ ತೊಟ್ಟವು. ಫ್ಲಾಷ್‌ಪಾಯಿಂಟಿನಲ್ಲಿ ಕಾಲಿಗೆ ಗುಂಡು ತಗುಲಿದ ಸೈನಿಕ ಎದ್ದು ನಿಲ್ಲಲಾರ, ತೆವಳಿಕೊಂಡೇ ಬರಬೇಕು. ಅವನಿಗಾಗಿ ತುಕಡಿ ಕಾಯಬೇಕು, ಇಲ್ಲವೆ ಅವನನ್ನು ಬಿಡಬೇಕು. ಆರ್ಮಾದಲ್ಲಿ ಸಾಮಾನ್ಯ ಸೈನಿಕ ತನ್ನ ಪ್ರಥಮ ಚಿಕಿತ್ಸೆಯ ಚೀಲದಿಂದ ಅಷ್ಟಿಷ್ಟು ಸುಧಾರಿಸಬಲ್ಲ. ಪೂರ್ತಿ ಗುಣವಾಗಬೇಕಾದರೆ ವೈದ್ಯಕೀಯ ತರಬೇತಿ ಪಡೆದವನೇ ಬರಬೇಕು. ಅಮೆರಿಕದ ಸೇನೆಯ ತರಬೇತಿಗಾಗಿ ಆರಂಭವಾಗಿ ೨೦೦೪ರಲ್ಲಿ ಮಾರುಕಟ್ಟೆಗೂ ಬಂದ ‘ಫುಲ್ ಸ್ಪೆಕ್ಟ್ರಮ್ ವಾರಿಯರ್’ ಎಂಬ ಆಟದಲ್ಲಿಯಂತೂ ಆಡುವವನು ತಾನು ಗುಂಡು ಹಾರಿಸುವುದೇ ಇಲ್ಲ, ಆಜ್ಞೆ ಮಾತ್ರ ಕೊಡುತ್ತಾನೆ. ಬಿದ್ದವನನ್ನು ಹೊತ್ತು ಚಿಕಿತ್ಸೆಯ ಠಾಣ್ಯಕ್ಕೆ ಒಯ್ಯಬೇಕು. ಸತ್ತನೆಂದರೆ ಕಾರ್ಯಾಚರಣೆ ಸೋತಂತೆ. ವಿರಾರ್ ಲೋಕಲಿನಲ್ಲಿ ಹುಡುಗರು ಮೊಬೈಲಿನಲ್ಲಿ ಆಡುವ ಬಿ.ಜಿ.ಎಂ.ಐ. ಎಂಬ ಆಟದಲ್ಲೂ ಬಿದ್ದ ಜೊತೆಗಾರ ತೆವಳುತ್ತಿರುತ್ತಾನೆ. ಇನ್ನೊಬ್ಬ ಹತ್ತಿರ ಕುಳಿತು ಸುಮಾರು ಹತ್ತು ಸೆಕೆಂಡು ಆರೈಕೆ ಮಾಡಿದರೆ ಏಳುತ್ತಾನೆ. ಆ ಹತ್ತು ಸೆಕೆಂಡು ಆರೈಕೆ ಮಾಡುವವನ ಬೆನ್ನು ಶತ್ರುವಿಗೆ ತೆರೆದಿರುತ್ತದೆ.

ವಿಜ್ಞಾನದ ಪದವಿ ಪಡೆದು ಸರ್ಕಾರಿ ಕಚೇರಿಯಲ್ಲಿ ಅಂಕೆ-ಸಂಖ್ಯೆಗಳ ನಡುವೆ ಕಾಲ ಕಳೆಯುವ ನಮ್ಮಂಥವರಿಗೆ ತಟ್ಟನೆ ಹೊಳೆಯುವ ಉತ್ತರ ಒಂದೇ. ಆ ಸೈನಿಕನೆಂದರೆ ಕೆಲವು ಅಂಕೆಗಳು. ಆರ್ಮಾದಲ್ಲಿ ಪೆಟ್ಟಿನ ಲೆಕ್ಕ ೦ಯಿಂದ ೧ರವರೆಗೆ. ೧ ಮುಟ್ಟಿದರೆ ಮರಣ. ನೋವು ಪಡಲು ಅವನಿಗೆ ನರಗಳಿಲ್ಲ, ಕಾದು ಕುಳಿತ ತಾಯಿಯಿಲ್ಲ. ಚದುರಂಗದಲ್ಲಿ ರಾಜನನ್ನುಳಿಸಲು ಕಾಲಾಳನ್ನು ಬಲಿಕೊಟ್ಟವನನ್ನು ಯಾರೂ ನಿರ್ದಯಿ ಎನ್ನುವುದಿಲ್ಲ, ಜಾಣನೆನ್ನುತ್ತಾರೆ. ಹಾಗಾದರೆ ಈ ತೆವಳುವ ಕಾಲಾಳನ್ನು ಬಿಟ್ಟು ನಡೆದ ಹುಡುಗನದೇನು ತಪ್ಪು?

ತರ್ಕ ಸರಿಯಾಗಿದೆ. ಆದರೂ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಚದುರಂಗದ ಕಾಲಾಳು ಕೂಗುವುದಿಲ್ಲ, ಇವನು ಕೂಗುತ್ತಾನೆ. ಕೂಗು ಸುಳ್ಳೆಂದು ಗೊತ್ತಿದ್ದೂ ಕಿವಿ ನಿಮಿರುತ್ತದೆ. ಇದೇನೂ ಹೊಸ ಅನುಭವವಲ್ಲ. ಊರಿನಿಂದ ಮೇಳ ಬಂದು ಮುಂಬಯಿಯಲ್ಲಿ ‘ಅಭಿಮನ್ಯು ಕಾಳಗ’ದ ಪ್ರಸಂಗ ಆಡಿದಾಗ, ಚಕ್ರವ್ಯೂಹದೊಳಗೆ ಹುಡುಗ ಒಬ್ಬನೇ ಉಳಿದ ಗಳಿಗೆಯಲ್ಲಿ ಸಭಾಗೃಹ ಸ್ತಬ್ಧವಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಅಭಿಮನ್ಯು ಇನ್ನರ್ಧ ತಾಸಿಗೆ ಚೌಕಿಯಲ್ಲಿ ಬಣ್ಣ ಒರೆಸಿಕೊಂಡು ಚಹಾ ಕುಡಿಯುತ್ತಾನೆಂದು ತಿಳಿಯದವರು ಅಲ್ಲಿ ಯಾರೂ ಇಲ್ಲ. ಅಂದ ಮಾತ್ರಕ್ಕೆ ಒರೆಸಿಕೊಂಡ ಕಣ್ಣೀರು ಸುಳ್ಳಲ್ಲ. ಆದರೆ ಒಂದು ಭೇದವಿದೆ. ಯಕ್ಷಗಾನದಲ್ಲಿ ನಾವು ನೋಡುಗರು. ಅಭಿಮನ್ಯುವಿನ ನೆರವಿಗೆ ಹೋಗುವಂತಿಲ್ಲ. ಈ ಆಟದಲ್ಲಿ ಹೋಗಬಹುದು. ಹೋಗಬಹುದಾಗಿದ್ದೂ ಹೋಗದಿದ್ದರೆ ಅದು ನೋಟವಲ್ಲ, ನಡತೆ.

ಮಹಾಭಾರತದ ಸ್ವರ್ಗಾರೋಹಣ ಪರ್ವದಲ್ಲಿ ಇದಕ್ಕೆ ಬಹಳ ಸಮೀಪದ ಸಂದರ್ಭವೊಂದಿದೆ. ಧರ್ಮರಾಜ ದೇವದೂತನೊಡನೆ ದುರ್ಗಂಧದ ಕತ್ತಲೆಯ ದಾರಿಯಲ್ಲಿ ನಡೆದು, ಇನ್ನು ಹಿಂದಿರುಗೋಣವೆಂದು ತಿರುಗುತ್ತಾನೆ. ಆಗ ನಾಲ್ಕೂ ಕಡೆಯಿಂದ ನರಳುವ ದನಿಗಳು ಅವನನ್ನು ತಡೆಯುತ್ತವೆ: ನೀನು ಇಲ್ಲಿ ನಿಂತಿರುವಷ್ಟು ಹೊತ್ತು ನಮಗೆ ಸ್ವಲ್ಪ ಸುಖ, ಹೋಗಬೇಡ. ಯಾರೆಂದು ಕೇಳಿದರೆ ಕರ್ಣ, ಭೀಮ, ಅರ್ಜುನ, ದ್ರೌಪದಿ. ನಾನು ಬರುವುದಿಲ್ಲ, ಇಲ್ಲೇ ಇರುತ್ತೇನೆ ಎಂದು ಅವನು ದೂತನನ್ನು ಹಿಂದಕ್ಕೆ ಕಳಿಸುತ್ತಾನೆ. ಕೊನೆಗೆ ತಿಳಿಯುವುದೇನೆಂದರೆ, ಆ ನರಕ ಇಂದ್ರನ ಮಾಯೆ. ದನಿಗಳು ಮಾಯೆ, ಆದರೆ ನಿಂತವನ ನಿರ್ಧಾರ ಮಾಯೆಯಲ್ಲ. ಹಿಮಾಲಯದ ದಾರಿಯಲ್ಲಿ ಹಿಂಬಾಲಿಸಿದ ನಾಯಿಯ ಕಥೆಯೂ ಹೀಗೆಯೇ. ನಾಯಿ ನಾಯಿಯಾಗಿರಲಿಲ್ಲ, ಅದನ್ನು ಬಿಡಲೊಲ್ಲದ ಮನಸ್ಸು ಮಾತ್ರ ನಿಜವಾದದ್ದು.

ಹಾಗೆಂದು ಇಲ್ಲಿಗೇ ವಾದ ಗೆದ್ದಂತಾಗಲಿಲ್ಲ. ಧರ್ಮರಾಜನಿಗೆ ಅದು ಮಾಯೆಯೆಂದು ಗೊತ್ತಿರಲಿಲ್ಲ. ನಮ್ಮ ಹುಡುಗನಿಗೆ ಚೆನ್ನಾಗಿ ಗೊತ್ತಿದೆ. ಗೊತ್ತಿದ್ದವನು ಬಿಟ್ಟು ಹೋದರೆ ಅನ್ಯಾಯವಾದದ್ದು ಯಾರಿಗೆ? ಯಾರಿಗೂ ಅಲ್ಲ. ಇದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಯಂತ್ರದ ಸೈನಿಕನ ಪರವಾಗಿ ನ್ಯಾಯಾಲಯಕ್ಕೆ ಹೋಗುವ ಉದ್ದೇಶ ನಮಗಿಲ್ಲ.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ಪ್ರಾಣಿಗಳ ವಿಷಯದಲ್ಲಿ ಬೇರೊಂದು ದಾರಿ ಹಿಡಿದಿದ್ದ. ಪ್ರಾಣಿಯ ಮೇಲೆ ಕ್ರೂರನಾದವನು ಮನುಷ್ಯರ ವ್ಯವಹಾರದಲ್ಲೂ ಕಠಿಣನಾಗುತ್ತಾನೆ, ಆದ್ದರಿಂದ ಕ್ರೌರ್ಯ ಕೂಡದು ಎಂಬುದು ಅವನ ವಾದ. ಇದನ್ನೇ ಆಟಕ್ಕೂ ಅನ್ವಯಿಸಿ, ಯುದ್ಧದ ಆಟ ಆಡುವ ಮಕ್ಕಳು ಕಟುಕರಾಗುತ್ತಾರೆ ಎನ್ನುವವರಿದ್ದಾರೆ. ನಾವು ಅಷ್ಟು ದೂರ ಹೋಗಲಾರೆವು. ಕಾಲೊನಿಯಲ್ಲಿ ಇಂಥ ಆಟಗಳನ್ನಾಡಿ ಬೆಳೆದ ಹುಡುಗರೇ ರಕ್ತದಾನ ಶಿಬಿರಕ್ಕೆ ಮೊದಲು ಬಂದು ಸಾಲಿನಲ್ಲಿ ನಿಲ್ಲುವುದನ್ನೂ ನೋಡಿದ್ದೇವೆ. ಆದ್ದರಿಂದ ಹೆದರಬೇಕಾದದ್ದು ಕ್ರೌರ್ಯಕ್ಕಲ್ಲ. ಅದಕ್ಕಿಂತ ಸೂಕ್ಷ್ಮವಾದ, ಕಣ್ಣಿಗೆ ಬೀಳದ ಇನ್ನೊಂದು ಅಭ್ಯಾಸಕ್ಕೆ.

ಅದೇನೆಂದು ಹೇಳುತ್ತೇವೆ. ಆಟದಲ್ಲಿ ಬಿದ್ದವನನ್ನು ಬಿಡುವವರಿಗಿಂತ ಉಳಿಸುವವರೇ ಹೆಚ್ಚು. ಏಕೆ ಉಳಿಸಿದೆ ಎಂದು ಕೇಳಿ ನೋಡಿ. ‘ಅವನ ಹತ್ತಿರ ಮೆಷಿನ್‌ಗನ್ ಇತ್ತು’, ‘ಟ್ಯಾಂಕ್ ಹೊಡೆಯುವವನು ಅವನೊಬ್ಬನೇ’ ಎಂಬ ಉತ್ತರ ಬರುತ್ತದೆ. ಮೆಷಿನ್‌ಗನ್ ಇಲ್ಲದ ಬಡಪಾಯಿ ಬಿದ್ದರೆ? ‘ಅವನಿದ್ದರೂ ಅಷ್ಟೆ, ಬಿಟ್ಟರೂ ಅಷ್ಟೆ.’ ಉಳಿಸಿದ್ದು ಸೈನಿಕನನ್ನಲ್ಲ, ಬಂದೂಕನ್ನು. ಬಿಟ್ಟುಹೋಗುವುದರಲ್ಲಿ ಇರುವಷ್ಟೇ ದೋಷ ಈ ಉಳಿಸುವುದರಲ್ಲೂ ಇದೆಯೆಂಬುದು ನಮ್ಮ ಅಭಿಪ್ರಾಯ. ಕಾರಣ, ಎರಡರಲ್ಲೂ ಕೇಳಿದ ಮೊದಲ ಪ್ರಶ್ನೆ ಒಂದೇ: ಇವನಿಂದ ಇನ್ನು ನನಗೇನು ಉಪಯೋಗ?

ಆಟದ ನಿಯಮವೂ ಇದಕ್ಕೆ ಇಂಬು ಕೊಡುತ್ತದೆ. ಆರ್ಮಾದಲ್ಲಿ ನಾಯಕ ತನ್ನವರನ್ನೇ ಗುಂಡಿಟ್ಟು ಕೊಂದರೆ ಅವನ ಅಂಕ ಇಳಿಯುತ್ತದೆ. ಅದು ತೀರ ಇಳಿದರೆ ಅವನ ತುಕಡಿಯೇ ಅವನನ್ನು ದ್ರೋಹಿಯೆಂದು ಬಗೆದು ತಿರುಗಿಬೀಳುತ್ತದೆ. ಆದರೆ ಗಾಯಾಳುವನ್ನು ಪೊದೆಯಲ್ಲಿ ಬಿಟ್ಟು ಹೋದವನಿಗೆ ಅಂಥ ಶಿಕ್ಷೆಯಿಲ್ಲ. ಕೊಲ್ಲುವುದು ಅಪರಾಧ, ಕೈಬಿಡುವುದು ಅಪರಾಧವಲ್ಲ. ನಮ್ಮ ನಾಡಿನ ಕಾನೂನೂ ಹೆಚ್ಚುಕಡಿಮೆ ಹೀಗೆಯೇ ಇದೆಯೆಂಬುದನ್ನು ಗಮನಿಸಬೇಕು. ಅಪಘಾತಕ್ಕೆ ಕಾರಣವಾದ ವಾಹನದ ಚಾಲಕ ಗಾಯಾಳುವಿಗೆ ಚಿಕಿತ್ಸೆ ಒದಗಿಸಲು ಯತ್ನಿಸಬೇಕೆಂದು ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಪಕ್ಕದಲ್ಲಿ ನಿಂತು ನೋಡಿದವನಿಗೆ ಅಂಥ ಕಟ್ಟಳೆಯಿಲ್ಲ. ನೆರವಾದವನನ್ನು ಪೊಲೀಸು, ಕೋರ್ಟು ಎಂದು ಅಲೆದಾಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ ೨೦೧೬ರಲ್ಲಿ ಆದೇಶಿಸಿತು. ೨೦೧೯ರ ತಿದ್ದುಪಡಿಯಿಂದ ಆ ರಕ್ಷಣೆ ಕಾಯಿದೆಯಲ್ಲೇ ಸೇರಿತು. ಎಂದರೆ ಕಾನೂನು ನೆರವಾದವನನ್ನು ಕಾಪಾಡೀತು. ನೆರವಾಗು ಎಂದು ಬಲವಂತ ಮಾಡದು. ಆ ಮಿಕ್ಕ ಜಾಗ ಧರ್ಮದ್ದು, ಅಂದರೆ ನಮ್ಮದು.

ಲೆಕ್ಕವೇ ಬೇಡವೆಂದು ನಾವು ಹೇಳುತ್ತಿಲ್ಲ. ಆರು ಮಂದಿಯ ಜೀವ ಪಣವಿಟ್ಟು ಒಬ್ಬನನ್ನು ತರಲು ಹೋಗಿ ಏಳೂ ಮಂದಿಯನ್ನು ಕಳೆದುಕೊಂಡವನು ಒಳ್ಳೆಯ ನಾಯಕನಲ್ಲ. ನೆಪೋಲಿಯನ್ನನ ಸೇನೆಯಲ್ಲಿದ್ದ ಲ್ಯಾರೀ ಎಂಬ ಶಸ್ತ್ರವೈದ್ಯ, ರಣರಂಗದಿಂದ ಗಾಯಾಳುಗಳನ್ನು ಬೇಗ ಸಾಗಿಸುವ ಹಗುರ ಗಾಡಿಗಳನ್ನು ರೂಢಿಗೆ ತಂದ. ಯಾರಿಗೆ ಮೊದಲು ಚಿಕಿತ್ಸೆ ಎಂಬುದಕ್ಕೂ ಅವನದೊಂದು ನಿಯಮವಿತ್ತು: ದರ್ಜೆ ನೋಡಬೇಡ, ಗಾಯ ನೋಡು. ಇದೂ ಲೆಕ್ಕವೇ. ಆದರೆ ಯಾವುದರ ಲೆಕ್ಕ? ಗಾಯದ ಲೆಕ್ಕ, ಗಾಯಗೊಂಡವನ ಬೆಲೆಯ ಲೆಕ್ಕವಲ್ಲ. ೧೮೫೯ರಲ್ಲಿ ಸೊಲ್ಫೆರಿನೊ ರಣಭೂಮಿಯಲ್ಲಿ ಸಾವಿರಾರು ಗಾಯಾಳುಗಳು ದಿಕ್ಕಿಲ್ಲದೆ ಬಿದ್ದುದನ್ನು ಕಂಡ ಹೆನ್ರಿ ಡ್ಯೂನಾಂಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅವನ ಪ್ರಯತ್ನದಿಂದ ರೆಡ್‌ಕ್ರಾಸ್ ಹುಟ್ಟಿತು. ೧೮೬೪ರ ಜಿನೀವಾ ಒಪ್ಪಂದ, ಬಿದ್ದ ಸೈನಿಕ ಯಾವ ಪಕ್ಷದವನಾದರೂ ಆರೈಕೆಗೆ ಅರ್ಹನೆಂದು ಸಾರಿತು. ಶತ್ರುವಿನ ಗಾಯಾಳುವಿನಿಂದ ಯಾರಿಗೆ ಏನು ಉಪಯೋಗ? ಆದ್ದರಿಂದಲೇ ಅದು ದೊಡ್ಡ ಮಾತು. ಆಟ ತಯಾರಿಸುವವರಿಗೂ ಈ ಮಾತು ಮುಟ್ಟಿದೆ. ಬೊಹೀಮಿಯಾ ಸಂಸ್ಥೆ ೨೦೧೭ರಲ್ಲಿ ‘ಯುದ್ಧದ ಕಾನೂನುಗಳು’ ಎಂಬರ್ಥದ ಹೆಸರಿನಲ್ಲಿ ಆರ್ಮಾಕ್ಕೆ ಹೊಸ ಭಾಗವೊಂದನ್ನು ಸೇರಿಸಿ, ಆ ವರ್ಷದ ಅದರ ನಿವ್ವಳ ಗಳಿಕೆಯ ಅರ್ಧವನ್ನು ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಗೆ ಕೊಟ್ಟಿತು.

ನಮ್ಮದೇ ನಾಡಿನ ಒಂದು ನಿದರ್ಶನ. ೨೦೧೬ರ ಫೆಬ್ರವರಿ ೩ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದರಾಸು ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಯಾರೂ ಬದುಕಿರುವ ಸಂಭವವಿಲ್ಲವೆಂದೇ ಎಲ್ಲರೂ ನಂಬಿದ್ದರು. ಹತ್ತೊಂಬತ್ತು ಸಾವಿರ ಅಡಿಗೂ ಮಿಕ್ಕ ಎತ್ತರ, ಉಸಿರಾಡುವುದೇ ಕಷ್ಟ. ಅಂಥಲ್ಲಿ ಜೊತೆಗಾರರು ಕಲ್ಲಿನಂತೆ ಗಟ್ಟಿಯಾದ ಮಂಜನ್ನು ದಿನಗಟ್ಟಲೆ ಕೊರೆದರು. ಆರನೆಯ ದಿನ ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಉಸಿರಾಡುತ್ತಿದ್ದ ಸ್ಥಿತಿಯಲ್ಲಿ ಸಿಕ್ಕಿದರು. ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರವರಿ ೧೧ರಂದು ತೀರಿಕೊಂಡರು. ಲೆಕ್ಕದ ಪುಸ್ತಕದಲ್ಲಿ ಇದರ ಮೊತ್ತ ಸೊನ್ನೆ: ಅಷ್ಟು ಶ್ರಮ, ಅಷ್ಟು ಅಪಾಯ, ಕೊನೆಗೆ ಒಬ್ಬರೂ ಉಳಿಯಲಿಲ್ಲ. ಆದರೆ ಅಗೆದದ್ದು ವ್ಯರ್ಥವಾಯಿತೆಂದು ಹೇಳುವ ಎದೆಗಾರಿಕೆ ಯಾರಿಗಿದೆ? ಅಗೆದವರು ಲಾಭಕ್ಕಾಗಿ ಅಗೆದಿರಲಿಲ್ಲ. ಒಳಗಿದ್ದವರು ತಮ್ಮವರಾಗಿದ್ದರು, ಅಷ್ಟೆ.

ಇನ್ನೊಂದು ನಿದರ್ಶನ ನಮ್ಮ ಈ ಊರಿಗೆ ಸಂಬಂಧಪಟ್ಟದ್ದು. ಮೊದಲ ಮಹಾಯುದ್ಧದಲ್ಲಿ ಅಂಗ ಕಳೆದುಕೊಂಡ ಸೈನಿಕರಿಗೆ ಕಸುಬು ಕಲಿಸಲು ೧೯೧೭ರಲ್ಲಿ ಮುಂಬಯಿಯಲ್ಲಿ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ ಆರಂಭವಾಯಿತು. ಆಮೇಲೆ ಪುಣೆಯ ಖಡಕಿಗೆ ಹೋಗಿ ಇಂದಿಗೂ ನಡೆಯುತ್ತಿದೆ. ಇನ್ನು ಬಂದೂಕು ಹಿಡಿಯಲಾರದವನಿಗೆ ಸೇನೆ ಏನು ಕೊಡಬೇಕು ಎಂಬ ಪ್ರಶ್ನೆಗೆ ಅದೊಂದು ಉತ್ತರ. ೧೯೬೫ರ ಯುದ್ಧದಲ್ಲಿ ಗುಂಡೇಟು ತಿಂದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಮುರಳಿಕಾಂತ ಪೇಟ್ಕರರು ಈಜು ಕಲಿತು, ೧೯೭೨ರಲ್ಲಿ ಹೈಡೆಲ್‌ಬರ್ಗಿನ ಪ್ಯಾರಾಲಿಂಪಿಕ್ಸಿನಲ್ಲಿ ೫೦ ಮೀಟರು ಈಜಿನಲ್ಲಿ ಚಿನ್ನ ಗೆದ್ದದ್ದನ್ನು ಈಚೆಗೆ ಸಿನಿಮಾದಿಂದಾಗಿ ಮಕ್ಕಳೂ ಬಲ್ಲರು. ಆದರೆ ಇಲ್ಲಿಯೂ ಎಚ್ಚರ ಬೇಕು. ಚಿನ್ನ ಗೆದ್ದರು, ಆದ್ದರಿಂದ ಉಳಿಸಿದ್ದು ಸಾರ್ಥಕವಾಯಿತು ಎಂದರೆ ಮತ್ತೆ ಮೆಷಿನ್‌ಗನ್ನಿನ ಲೆಕ್ಕಕ್ಕೇ ಬಂದಂತಾಯಿತು. ಯಾವ ಪದಕವನ್ನೂ ಗೆಲ್ಲದೆ ಗಾಲಿಕುರ್ಚಿಯಲ್ಲೇ ಕಾಲ ಕಳೆದ ಸೈನಿಕರಿಗೂ ಸಲ್ಲಬೇಕಾದದ್ದು ಅಷ್ಟೇ.

ಮುಂಬಯಿಗೆ ಲೆಕ್ಕದ ಊರೆಂದೇ ಹೆಸರು. ಇಲ್ಲಿ ಯಾರಿಗೆ ಯಾರೂ ಇಲ್ಲ ಎಂಬ ಮಾತು ಊರಿಗೆ ಹೋದಾಗಲೆಲ್ಲ ಕೇಳಬೇಕಾಗುತ್ತದೆ. ೨೦೦೬ರ ಜುಲೈ ೧೧ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲುಗಳಲ್ಲಿ ಏಳು ಬಾಂಬುಗಳು ಸಿಡಿದು ೧೮೦ಕ್ಕೂ ಹೆಚ್ಚು ಜನ ಸತ್ತಾಗ, ಆಂಬುಲೆನ್ಸ್ ಬರುವ ಮುಂಚೆಯೇ ಹಳಿಗಳ ಪಕ್ಕದ ಜೋಪಡಿಗಳ ಜನ ಮನೆಯ ಹಾಸಿಗೆಯ ಚಾದರಗಳನ್ನು ತಂದು ಗಾಯಾಳುಗಳನ್ನು ಅದರಲ್ಲಿ ಮಲಗಿಸಿಕೊಂಡು ಹೊತ್ತೊಯ್ದರು. ಬಾಂಬುಗಳಿದ್ದದ್ದು ಮೊದಲ ದರ್ಜೆಯ ಡಬ್ಬಿಗಳಲ್ಲಿ. ಆ ಡಬ್ಬಿಯವರಿಗೂ ಆ ಜೋಪಡಿಯವರಿಗೂ ಅಂದಿನವರೆಗೆ ಯಾವ ಪರಿಚಯವೂ ಇರಲಿಲ್ಲ. ಇವರಿಂದ ನಮಗೇನು ಉಪಯೋಗ ಎಂದು ಅವರು ಕೇಳಿಕೊಳ್ಳಲಿಲ್ಲ.

ನಾವು ಹೊರನಾಡ ಕನ್ನಡಿಗರು ಈ ಊರಲ್ಲಿ ನೆಲೆ ನಿಂತದ್ದೂ ಇದರಿಂದಲೇ. ಮೊದಲ ತಲೆಮಾರಿನವರು ಹತ್ತು-ಹನ್ನೆರಡು ಮಂದಿ ಒಂದೇ ಖೋಲಿಯಲ್ಲಿದ್ದರು. ಒಬ್ಬನಿಗೆ ವಿಷಮಜ್ವರ ಬಂದರೆ ರಾತ್ರಿ ಪಾಳಿಯವನು ಹಗಲು, ಹಗಲು ಪಾಳಿಯವನು ರಾತ್ರಿ ಗಂಜಿ ಕಾಯಿಸಿ ಕೊಟ್ಟರು. ಅವನ ಪಾಲಿನ ಬಾಡಿಗೆ ಉಳಿದವರು ತುಂಬಿದರು. ತೀರ ಆಗದಿದ್ದರೆ ಟಿಕೇಟು ತೆಗೆದು ಊರಿಗೆ ಕಳಿಸಿಕೊಟ್ಟರು. ೧೯೦೨ರ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ ಹಿಡಿದು ಮುಂದಿನ ಎಷ್ಟೋ ಸಂಘ-ಸಂಸ್ಥೆಗಳ ಹಿಂದೆ, ಪರವೂರಿನಲ್ಲಿ ನಮ್ಮವನೊಬ್ಬ ಬಿದ್ದರೆ ಎತ್ತುವವರು ಬೇಕು ಎಂಬ ಇಂಥದೇ ಒತ್ತಾಸೆಯಿದೆ. ಆ ಖೋಲಿಗಳು ಈಗ ಇಲ್ಲ. ಎರಡು ಕೋಣೆಯ ಫ್ಲಾಟುಗಳಾಗಿವೆ. ಖೋಲಿಯ ಧರ್ಮವನ್ನು ಫ್ಲಾಟಿಗೆ ತಂದೆವೆ ಎಂಬುದು ಬೇರೆ ಪ್ರಶ್ನೆ. ದೀರ್ಘ ರಜೆಯಲ್ಲಿರುವ ಸಹೋದ್ಯೋಗಿಯ ಬಗ್ಗೆ ಕಚೇರಿಗಳಲ್ಲಿ ಆಡುವ ಮಾತು, ಲಕ್ವ ಹೊಡೆದ ಹಿರಿಯರ ಬಗ್ಗೆ ಮನೆಯ ಬಾಗಿಲು ಹಾಕಿಕೊಂಡು ಆಡುವ ಮಾತು, ಇವೆಲ್ಲ ಮಕ್ಕಳ ಕಿವಿಗೆ ಬೀಳುತ್ತವೆ. ‘ಇದ್ದರೂ ಅಷ್ಟೆ, ಬಿಟ್ಟರೂ ಅಷ್ಟೆ’ ಎಂಬ ಮಾತನ್ನು ಅವರು ಕಂಪ್ಯೂಟರಿನಿಂದಲೇ ಕಲಿತರೆಂದು ಹೇಳಲಾಗದು.

ನಮ್ಮ ಕಟ್ಟಡದಲ್ಲಿ ಧಾರವಾಡದ ಕಡೆಯ ಹುಡುಗನೊಬ್ಬನಿದ್ದಾನೆ. ಒಮ್ಮೆ ಅವನು ಆಡುವಾಗ ಪಕ್ಕದಲ್ಲಿ ಕುಳಿತಿದ್ದೆವು. ಕೆಲಸ ಮುಗಿದಿತ್ತು, ಹೆಲಿಕಾಪ್ಟರು ಬಂದಿತ್ತು, ಹತ್ತಿದರೆ ಗೆದ್ದಂತೆ. ಅವನು ಹತ್ತಲಿಲ್ಲ. ಕಾಲು ಮುರಿದ ಸೈನಿಕನೊಬ್ಬ ಗುಡ್ಡದ ಆಚೆಯಿಂದ ತೆವಳುತ್ತ ಬರುತ್ತಿದ್ದ. ಸುಮಾರು ಕಾಲು ತಾಸು ಹೊಗೆ ಹಾಕಿ, ಕಾದು, ಅವನನ್ನೂ ಹತ್ತಿಸಿಕೊಂಡೇ ಹೊರಟ. ಅದರಿಂದ ಒಂದು ಅಂಕವೂ ಹೆಚ್ಚಾಗದು ಎಂದು ತಿಳಿದು ಏಕೆ ಕಾದೆ ಎಂದು ಕೇಳಿದೆವು. ‘ಅವಾ ತೆವಳಿಕೋತ ಬರಾಕ್ಹತ್ತಿದ್ದನಲ್ಲ ಕಾಕಾ, ಬಿಟ್ಟು ಹೆಂಗ ಹೋಗ್ಲಿ?’ ಎಂದ. ಈ ಲೇಖನದಲ್ಲಿ ನಾವು ಇಷ್ಟು ಸುತ್ತಿ ಬಳಸಿ ಹೇಳಿದ್ದೆಲ್ಲ ಆ ಒಂದು ಮಾತಿನಲ್ಲಿದೆ. ಅವನು ಯಂತ್ರವನ್ನು ಮನುಷ್ಯನೆಂದು ಭ್ರಮಿಸಿರಲಿಲ್ಲ. ಉಪಯೋಗವಿಲ್ಲದವನಿಗೂ ಕಾಯಬೇಕೆಂಬ ನಡತೆಯನ್ನು, ನಷ್ಟವೇನೂ ಇಲ್ಲದ ಕಡೆ ಅಭ್ಯಾಸ ಮಾಡುತ್ತಿದ್ದ. ಅಂಥ ಅಭ್ಯಾಸಕ್ಕೂ ಆಟ ಒಂದು ಗರಡಿಯಾಗಬಲ್ಲದು.

ಆದರೆ ಗರಡಿಯಲ್ಲಿ ಗೆದ್ದವನೆಲ್ಲ ಕುಸ್ತಿಯಲ್ಲಿ ಗೆಲ್ಲುವುದಿಲ್ಲ. ಆಟದಲ್ಲಿ ಬಿದ್ದವನ ತಲೆಯ ಮೇಲೆ ಗುರುತು ಮಿನುಗುತ್ತದೆ, ಗಡಿಯಾರ ಓಡುತ್ತದೆ. ತಪ್ಪಿದರೆ ಉಳಿಸಿಟ್ಟ ಜಾಗದಿಂದ ಮತ್ತೆ ಆಡಬಹುದು. ಒಳಕೋಣೆಯಿಂದ ನೀರು ಕೇಳುವ ಅಜ್ಜಿಯ ತಲೆಯ ಮೇಲೆ ಯಾವ ಗುರುತೂ ಮಿನುಗುವುದಿಲ್ಲ. ‘ಒಂದು ನಿಮಿಷ ಅಜ್ಜಿ, ಈಗ ನಿಲ್ಲಿಸಲಿಕ್ಕೆ ಬರುವುದಿಲ್ಲ’ ಎಂದರೆ ಅವಳು ಸುಮ್ಮನಾಗುತ್ತಾಳೆ. ಅವಳ ದಿನಗಳನ್ನು ಹಿಂದಿನ ಜಾಗದಿಂದ ಮತ್ತೆ ಆಡುವಂತಿಲ್ಲ. ತೆರೆಯ ಮೇಲಿನವನಿಗೆ ಕಾಲು ತಾಸು ಕಾದವನು ಅವಳಿಗೆ ಒಂದು ಲೋಟ ನೀರು ಕೊಡದಿದ್ದರೆ ಅವನ ದಯೆಯೂ ಆಟವೇ ಆಯಿತು.

ಆದ್ದರಿಂದ ಓದುಗ ತಾಯಿತಂದೆಯರಲ್ಲಿ ನಮ್ಮದೊಂದು ವಿನಂತಿ. ಆಟ ನಿಲ್ಲಿಸೆಂದು ಬೈಯುವ ಮೊದಲು ಒಂದು ದಿನ ಪಕ್ಕದಲ್ಲಿ ಕುಳಿತುಕೊಳ್ಳಿ. ಇಂದು ನಿಮ್ಮವರಲ್ಲಿ ಯಾರು ಬಿದ್ದರು, ನೀನೇನು ಮಾಡಿದೆ, ಏಕೆ ಹಾಗೆ ಮಾಡಿದೆ ಎಂದು ಕೇಳಿ. ಏಕೆ ಎಂಬುದನ್ನು ಮರೆಯದೆ ಕೇಳಿ. ಹುಡುಗ ಉತ್ತರ ಕೊಟ್ಟ ಮೇಲೆ ತಿರುಗಿ ನಿಮ್ಮನ್ನೂ ಕೇಳಿಯಾನು: ನಿಮ್ಮವರಲ್ಲಿ ಯಾರು ಬಿದ್ದಿದ್ದಾರೆ, ನೀವೇನು ಮಾಡಿದಿರಿ? ನಮ್ಮ ಉತ್ತರವನ್ನು ಈಗಿನಿಂದಲೇ ಸಿದ್ಧಮಾಡಿಟ್ಟುಕೊಳ್ಳುವುದು ಒಳ್ಳೆಯದು.